ನಮ್ಮ ಮನೆ ಮುಂದೆ ಹಾಕ್ಬೇಕಿದ್ದ ಐದು ಕಲ್ಲು ಪಕ್ಕದ ಬೀದಿಗೆ ಹೋಗಿದ್ದು: ಒಂದು ಪ್ರಕರಣ

ನಾಜಿಗಳ ಕೈಗೆ ಸಿಕ್ಕಿ ಸತ್ತವರ ನೆನಪಿಗೆ ಅವರ ಮನೆ ಮುಂದಿನ ಫುಟ್‌ಪಾತಲ್ಲಿ ಹೆಸರಿರೋ ಸಣ್ಣ ಕಲ್ಲು ಕೂರಿಸ್ತಾರೆ, ಬರ್ಲಿನ್‌ನಲ್ಲಿ ಒಂದು ಯಹೂದಿ ಕುಟುಂಬಕ್ಕೆ ಅಂಥ ಕಲ್ಲು ಹಾಕ್ಸಿದ ಕಥೆ ಇದು. ಮೊದ್ಲೇ ಹೇಳ್ಬಿಡ್ತೀನಿ, ಇದ್ರಲ್ಲಿ ಯಾರ ಹೆಸರೂ ಬರಲ್ಲ, ಬೀದಿ ಹೆಸರೂ ಬರಲ್ಲ, ಒಂದೆರಡು ವಿವರ ಬೇಕಂತಲೇ ಆಚೀಚೆ ಮಾಡಿದೀನಿ. ಹೆಸರನ್ನ ಹಿತ್ತಾಳೆ ಮೇಲೆ ಕೊರೆಸಿ ಬೀದೀಲೇ ಹಾಕಿರೋವಾಗ ಇಲ್ಲಿ ಮುಚ್ಚಿಡೋದೇನಿದೆ ಅಂತ ನಗಬಹುದು. ಆದ್ರೆ ಸತ್ತವರ ಹೆಸರು ಒಂದು ವಿಷಯ, ಬದುಕಿರೋ ಮೊಮ್ಮಗ ನಮ್ಮ ಜೊತೆ ಆಡಿದ ಜಗಳ ಇನ್ನೊಂದು ವಿಷಯ. ಬರೀತಿರೋದು ಯಾಕಂದ್ರೆ ಇದೇ ಥರದ ಕೆಲಸಕ್ಕೆ ಕೈ ಹಾಕೋರು ನಾವು ಬಿದ್ದ ಗುಂಡೀಲೇ ಬೀಳ್ಬಾರ್ದು ಅಂತ.

ನಾನು ಬರ್ಲಿನ್‌ಗೆ ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಬಾಡಿಗೆಗೆ ಸಿಕ್ಕಿದ್ದು ನಗರದ ಪಶ್ಚಿಮ ಭಾಗದಲ್ಲಿ ನೂರು ವರ್ಷಕ್ಕೂ ಹಳೇ ಕಟ್ಟಡದ ಮೂರನೇ ಮಹಡಿ. ಬಂದ ಹೊಸದ್ರಲ್ಲಿ ಫುಟ್‌ಪಾತ್ ಮೇಲೆ ಅಂಗೈ ಅಗಲದ ಹಿತ್ತಾಳೆ ತುಂಡುಗಳು ಹೊಳೀತಿರೋದು ನೋಡಿ ಏನೋ ವಾಟರ್ ಲೈನಿನ ಗುರುತು ಅಂದ್ಕೊಂಡಿದ್ದೆ, ನಿಜವಾಗ್ಲೂ. ಒಂದಿನ ಬಸ್‌ಗೆ ಕಾಯ್ತಾ ಬಗ್ಗಿ ನೋಡಿದಾಗ ಗೊತ್ತಾಯ್ತು. ಇಲ್ಲಿ ವಾಸವಿದ್ದರು, ಇಂಥವರು, ಹುಟ್ಟಿದ ವರ್ಷ, ಸಾಗಿಸಿದ್ದು ಯಾವಾಗ, ಕೊಂದಿದ್ದು ಎಲ್ಲಿ. ಅಷ್ಟೇ, ಐದಾರು ಸಾಲು.

ಜರ್ಮನ್ನಲ್ಲಿ ಇದಕ್ಕೆ ಶ್ಟೋಲ್ಪರ್‌ಸ್ಟೈನ್ ಅಂತಾರೆ, ಕನ್ನಡಕ್ಕೆ ತಂದ್ರೆ ಎಡವುಗಲ್ಲು. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ ಶುರು ಮಾಡಿದ್ದು. 1992ರ ಡಿಸೆಂಬರ್ 16ಕ್ಕೆ ಕಲೋನ್ ನಗರಸಭೆ ಮುಂದೆ ಮೊದಲನೇದು ಹಾಕಿದ್ರು, ಅದು ಸಿಂಟಿ ಮತ್ತು ರೋಮಾ (ಜಿಪ್ಸಿಗಳು ಅಂತಿದ್ರಲ್ಲ) ಜನರನ್ನ ಔಶ್ವಿಟ್ಜ್ ಅನ್ನೋ ಕೊಲ್ಲೋ ಶಿಬಿರಕ್ಕೆ ಸಾಗಿಸೋಕೆ ನಾಜಿ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಹೊರಡಿಸಿದ ಆದೇಶಕ್ಕೆ 50 ವರ್ಷ ತುಂಬಿದ ದಿನ. 1996ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬೆರ್ಗ್‌ನಲ್ಲಿ ಪರ್ಮಿಷನ್ನೇ ಇಲ್ದೆ ಹಾಕಿಬಿಟ್ರು. ಆಮೇಲೆ ಯುರೋಪಿನ ಇಪ್ಪತ್ತಕ್ಕೂ ಹೆಚ್ಚು ದೇಶಕ್ಕೆ ಹರಡಿ 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ 1,00,000ನೇ ಕಲ್ಲು ಕೂತಿತು. ಪ್ರತಿಯೊಂದೂ ಕಾಂಕ್ರೀಟ್ ಗಟ್ಟಿ, ಮೇಲ್ಮುಖ 96 ಮಿಲಿಮೀಟರ್ ಚೌಕ, ಅದರ ಮೇಲೆ ಹಿತ್ತಾಳೆ ತಗಡು. ಅಕ್ಷರ ಒಂದೊಂದನ್ನೂ ಸುತ್ತಿಗೇಲಿ ಕೈಯಾರೆ ಬಡಿದು ಮೂಡಿಸ್ತಾರೆ. ಮೆಷೀನ್ ಇಟ್ಟು ಸಾವಿರಗಟ್ಲೆ ಅಚ್ಚು ಹೊಡೆಸ್ಬಾರ್ದು ಅನ್ನೋದು ಅವರ ಹಠ, ಕೊಂದಿದ್ದು ಫ್ಯಾಕ್ಟರಿ ಥರ, ನೆನೆಯೋದಾದ್ರೂ ಒಬ್ಬೊಬ್ಬರನ್ನಾಗಿ ಅಂತ.

2014ರಲ್ಲಿ ನಮ್ಮ ಕಟ್ಟಡದ ಕೆಳಗಿನ ಮಹಡಿಯ ಒಬ್ರು ರಿಟೈರ್ಡ್ ಮೇಷ್ಟ್ರು ಎಲ್ಲರ ಪೋಸ್ಟ್‌ಬಾಕ್ಸಿಗೂ ಒಂದೊಂದು ಚೀಟಿ ಹಾಕಿದ್ರು. ಗಡೀಪಾರಾದವರ ಪಟ್ಟೀಲಿ ನಮ್ಮ ಕಟ್ಟಡದ ವಿಳಾಸ ಸಿಕ್ಕಿದೆ, ಒಂದು ಕುಟುಂಬ ಇದೆ, ಕಲ್ಲು ಹಾಕ್ಸೋಣ್ವಾ ಅಂತ. ಆರು ಮನೆಯವರು ಸೇರ್ಕೊಂಡ್ವಿ. ಆವಾಗ ಒಂದು ಕಲ್ಲಿಗೆ 120 ಯೂರೋ. ಐದು ಜನ ಅಂತ ಆಮೇಲೆ ಗೊತ್ತಾಯ್ತು, ಮೊದ್ಲು ಕಣ್ಣಿಗೆ ಬಿದ್ದಿದ್ದು ಮೂರೇ ಹೆಸರು, ಅಪ್ಪ ಅಮ್ಮ ಮಗ. ಅಪ್ಪ ವ್ಯಾಪಾರಿ, ಕೊನೇ ವರ್ಷಗಳಲ್ಲಿ ಒಂದು ಕಾರ್ಖಾನೇಲಿ ಬಲವಂತದ ಕೂಲಿ. 1943ರ ಫೆಬ್ರವರಿ 27ಕ್ಕೆ ಬರ್ಲಿನ್ ಕಾರ್ಖಾನೆಗಳಲ್ಲಿ ಉಳಿದಿದ್ದ ಯಹೂದಿಗಳನ್ನ ಒಂದೇ ದಿನ ಮುತ್ತಿಗೆ ಹಾಕಿ ಹಿಡಿದ್ರಲ್ಲ, ಅವತ್ತು ಅವರನ್ನ ಕೆಲಸದ ಜಾಗದಿಂದ ಎತ್ಕೊಂಡು ಹೋದ್ರು, ಹೆಂಡತಿ ಮತ್ತು 11 ವರ್ಷದ ಮಗನನ್ನ ಮನೆಯಿಂದ. ಮಾರ್ಚ್ ಮೊದಲ ವಾರದಲ್ಲಿ ಔಶ್ವಿಟ್ಜ್‌ಗೆ ರೈಲಿನ ಮೇಲೆ ರೈಲು ಹೋಯ್ತು. ಇವರು ಹೋಗಿದ್ದು ಬೇರೆ ಬೇರೆ ರೈಲಲ್ಲಿ, ಎರಡು ದಿನದ ಅಂತರದಲ್ಲಿ. ಒಬ್ಬರಿಗೊಬ್ಬರು ಎಲ್ಲಿದಾರೆ ಅಂತ ಗೊತ್ತೇ ಆಗಿರಲಾರದು.

ನನಗೆ ಕೊಟ್ಟ ಕೆಲಸ ಕಾಗದ ಪತ್ರ ನೋಡೋದು, ಕಂಪ್ಯೂಟರ್ ಗೊತ್ತಿರೋನು ಅಂತ. ಮೊದಲನೇ ತಪ್ಪು ನಂದೇ. ಪಟ್ಟೀಲಿ ಅಪ್ಪನ ಹೆಸರಿನ ನಡುವೆ ಇಸ್ರಾಯೇಲ್ ಅಂತಿತ್ತು, ಮಗನ ಹೆಸರಲ್ಲೂ ಇಸ್ರಾಯೇಲ್, ಅಮ್ಮನ ಹೆಸರಲ್ಲಿ ಸಾರಾ. ನಮ್ಮಲ್ಲಿ ಅಪ್ಪನ ಹೆಸರು ಮಗನಿಗೆ ಅಂಟಿಸೋದು ಮಾಮೂಲು ಅಲ್ವಾ, ಹಾಗೇ ಏನೋ ಅಂದ್ಕೊಂಡು ಕಲ್ಲಿನ ಮೇಲೆ ಬರೆಸೋ ಕರಡಲ್ಲಿ ಪೂರ್ತಿ ಹೆಸರು ಟೈಪ್ ಮಾಡಿ ಕಳಿಸ್ದೆ. ಮೇಷ್ಟ್ರು ಮೇಲಿಂದ ಇಳಿದು ಬಂದು, ಅಲ್ಲ ಕೆಳಗಿಂದ ಹತ್ತಿ ಬಂದು, ಬಾಗಿಲಲ್ಲೇ ನಿಂತು ವಿವರಿಸಿದ್ರು. 1939ರ ಜನವರಿ 1ರಿಂದ ಯಹೂದಿ ಗಂಡಸರೆಲ್ಲ ಇಸ್ರಾಯೇಲ್, ಹೆಂಗಸರೆಲ್ಲ ಸಾರಾ ಅಂತ ಸೇರಿಸ್ಕೊಳ್ಳಲೇಬೇಕು ಅಂತ ಸರ್ಕಾರ ಕಾನೂನು ಮಾಡಿತ್ತು, ಹೆಸರು ನೋಡಿದ ತಕ್ಷಣ ಗುರುತು ಸಿಗ್ಲಿ ಅಂತ. ಅದನ್ನ ನಾನು ಹಿತ್ತಾಳೇಲಿ ಶಾಶ್ವತ ಮಾಡೋಕೆ ಹೊರಟಿದ್ದೆ. ಬೆವರಿಳೀತು.

ಇಷ್ಟಾದ್ರೂ ಅರ್ಜಿ ಹಾಕೇಬಿಟ್ವಿ. ನಗರದ ಸಂಯೋಜನಾ ಕಚೇರಿಗೆ, ಮೂರು ಹೆಸರು, ನಮ್ಮ ಕಟ್ಟಡದ ವಿಳಾಸ. ಸರದಿ ಬರೋಕೆ ಎರಡು ವರ್ಷದ ಹತ್ರ ಆಗತ್ತೆ ಅಂದ್ರು. ಸರಿ ಕಾಯೋಣ, ಅಷ್ಟ್ರಲ್ಲಿ ಸಂಬಂಧಿಕರನ್ನ ಹುಡುಕೋಣ ಅಂದ್ಕೊಂಡ್ವಿ. ಈಗ ಯಾರಾದ್ರೂ ಕೇಳಿದ್ರೆ ಹೇಳೋದು, ಈ ಎರಡು ಕೆಲಸವನ್ನ ತಿರುಗು ಮುರುಗು ಮಾಡಿ, ಮೊದ್ಲು ಮನುಷ್ಯರನ್ನ ಹುಡುಕಿ, ಅರ್ಜಿ ಆಮೇಲೆ.

ಸಂಬಂಧಿಕರು ಸಿಕ್ಕಿದ್ದು ಜೆರುಸಲೇಮಿನ ಯಾದ್ ವಶೇಮ್ ಅನ್ನೋ ಯಹೂದಿ ಹತ್ಯಾಕಾಂಡದ ಸ್ಮಾರಕ ಸಂಸ್ಥೆಯ ದಾಖಲೆಗಳಿಂದ. ಸತ್ತವರ ಬಗ್ಗೆ ಬದುಕುಳಿದವರು ತುಂಬಿಕೊಡೋ ಸಾಕ್ಷ್ಯದ ಹಾಳೆಗಳು ಅಲ್ಲಿವೆ. ಈ ಅಪ್ಪ ಅಮ್ಮನ ಹೆಸರಿನ ಹಾಳೆ ತುಂಬಿದ್ದು ಅವರ ಮಗಳು, ಇಂಗ್ಲೆಂಡಿಂದ. ಅವರಿಗೆ ಒಬ್ಬಳು ಮಗಳಿದ್ಲು ಅನ್ನೋದೇ ನಮಗೆ ಗೊತ್ತಿರ್ಲಿಲ್ಲ! 1938ರ ಡಿಸೆಂಬರಿಂದ ಯುದ್ಧ ಶುರುವಾಗೋವರೆಗೆ ಸುಮಾರು 10,000 ಮಕ್ಕಳನ್ನ, ಹೆಚ್ಚಿನವರು ಯಹೂದಿಗಳು, ಅಪ್ಪ ಅಮ್ಮನ್ನ ಬಿಟ್ಟು ಬ್ರಿಟನ್ನಿಗೆ ಕಳಿಸಿದ್ರು, ಕಿಂಡರ್‌ಟ್ರಾನ್ಸ್‌ಪೋರ್ಟ್ ಅಂತಾರೆ. ಇವಳು ಹೋಗಿದ್ದು 1939ರ ಬೇಸಿಗೇಲಿ, 12 ವರ್ಷ. ತಮ್ಮನಿಗೆ ಎಂಟೂ ತುಂಬಿರ್ಲಿಲ್ಲ, ಅವನನ್ನ ಮುಂದಿನ ಸಲ ಕಳಿಸೋಣ ಅಂದಿದ್ರಂತೆ. ಆ ಮುಂದಿನ ಸಲ ಬರಲಿಲ್ಲ. ಆಕೆ ತೀರಿಕೊಂಡು ಕೆಲವು ವರ್ಷ ಆಗಿತ್ತು, ಮಗ ಇದ್ರು, ಅರವತ್ತರ ಹತ್ರದ ಮನುಷ್ಯ. ನಾವು ಪತ್ರ ಬರೆದ್ವಿ, ತುಂಬಾ ಖುಷಿಯಿಂದ, ಏನೋ ಉಡುಗೊರೆ ಕೊಡ್ತಿರೋರ ಥರ.

ಉತ್ತರ ಬಂತು, ಎರಡು ವಾರ ಬಿಟ್ಟು. ಅದ್ರಲ್ಲಿ ಎರಡು ಮಾತಿತ್ತು, ಎರಡೂ ನಮ್ಮನ್ನ ಅಲ್ಲಾಡಿಸಿಬಿಡ್ತು.

ಒಂದನೇದು, ನನ್ನ ಅಜ್ಜಿ ತಾತನ ಹೆಸರನ್ನ ಜರ್ಮನಿಯವರ ಬೂಟುಗಾಲಿನ ಕೆಳಗೆ ಹಾಕೋಕೆ ನನಗೆ ಇಷ್ಟ ಇಲ್ಲ ಅನ್ನೋದು. ಇದು ಅವರೊಬ್ಬರ ಮಾತಲ್ಲ. ಮ್ಯೂನಿಕ್ ನಗರ 2004ರಿಂದ ಇದೇ ಕಾರಣಕ್ಕೆ ಸಾರ್ವಜನಿಕ ಜಾಗದಲ್ಲಿ ಎಡವುಗಲ್ಲು ಹಾಕೋಕೆ ಬಿಟ್ಟಿಲ್ಲ. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ಟೆ ಕ್ನೋಬ್ಲಾಕ್, ಸ್ವತಃ ನಾಜಿಗಳಿಂದ ಬದುಕುಳಿದವರು, ಮೊದಲಿಂದ ವಿರೋಧಿಸ್ತಾ ಬಂದಿದಾರೆ. ಕಾಲಲ್ಲಿ ತುಳಿಸ್ಕೊಂಡು ಸತ್ತವರನ್ನ ಮತ್ತೆ ತುಳಿಯೋದಾ ಅಂತ. ಅಲ್ಲಿ 2018ರಿಂದ ಗೋಡೆ ಮೇಲಿನ ಫಲಕ, ಕಂಬ ಹಾಕ್ತಾರೆ. ನಿಜ ಹೇಳ್ಬೇಕಂದ್ರೆ ನನಗೆ ಆ ಪತ್ರ ತಕ್ಷಣ ಅರ್ಥ ಆಯ್ತು, ಗುಂಪಿನ ಜರ್ಮನ್ನರಿಗಿಂತ ಬೇಗ. ನಾವು ಪುಸ್ತಕಕ್ಕೆ ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕೊಳ್ಳೋ ಜನ. ಅಮ್ಮನಿಗೆ ಮೈಸೂರಿಗೆ ವಿಡಿಯೋ ಕಾಲ್‌ನಲ್ಲಿ ಈ ಕಲ್ಲು ತೋರಿಸಿದಾಗ ಮೊದಲ ಪ್ರಶ್ನೆ "ಅಯ್ಯೋ, ಹೆಸರಿನ ಮೇಲೆ ನಡೀತಾರಾ?" ಅಂತ. ನಮ್ಮೂರ ಕಡೆ ವೀರಗಲ್ಲನ್ನ ಯಾರೋ ಬಟ್ಟೆ ಒಗೆಯೋ ಕಲ್ಲು ಮಾಡ್ಕೊಂಡಿದ್ರೆ ಹೊಟ್ಟೆ ಉರಿಯತ್ತಲ್ಲ, ಆ ಥರದ್ದು.

ಎರಡನೇ ಮಾತು ಪತ್ರದ ಕೊನೇಲಿ ಸುಮ್ನೆ ಬಂದು ಹೋಗಿತ್ತು. ಅವರಮ್ಮ ಬರ್ಲಿನ್ ಬಗ್ಗೆ ಮಾತಾಡ್ತಿದ್ದದ್ದೇ ಕಡಿಮೆ, ಆದ್ರೆ ಬೆಳಿಗ್ಗೆ ಕೆಳಗಿನ ಬೇಕರಿಯಿಂದ ಬರ್ತಿದ್ದ ವಾಸನೆಗೆ ಎಚ್ಚರ ಆಗ್ತಿತ್ತು ಅಂತ ಮಾತ್ರ ಹೇಳ್ತಿದ್ರು, ಆ ಬೇಕರಿ ಈಗಲೂ ಇದೆಯಾ ಅಂತ.

ನಮ್ಮ ಕಟ್ಟಡದಲ್ಲಿ ಬೇಕರಿ ಇರ್ಲಿಲ್ಲ. ಯುದ್ಧಕ್ಕೆ ಮುಂಚೆ ಇದ್ದಿರಬಹುದು ಅಂತ ಮೇಷ್ಟ್ರು ಬರ್ಲಿನ್‌ನ ಹಳೇ ವಿಳಾಸ ಪುಸ್ತಕ ತೆಗೆದ್ರು. ಇದು ಅದ್ಭುತವಾದ ವಸ್ತು, ಇತಿಹಾಸದ ಹುಚ್ಚಿರೋರಿಗೆ ಹಬ್ಬ. 1943ರವರೆಗಿನ ಸಂಪುಟಗಳು ಪೂರ್ತಿ ಸ್ಕ್ಯಾನ್ ಆಗಿ ಪುಕ್ಕಟೆ ಸಿಗತ್ತೆ, ಬೀದಿ ಬೀದಿ, ಮನೆ ಮನೆ, ಮಾಲೀಕ ಯಾರು, ಬಾಡಿಗೆಗೆ ಯಾರಿದಾರೆ, ಏನು ಕಸುಬು, ಎಲ್ಲ ಗೋಥಿಕ್ ಅಕ್ಷರದಲ್ಲಿ ಇರುವೆ ಸಾಲಿನ ಥರ. ನಮ್ಮ ನಂಬರಿನ ಕೆಳಗೆ 1938ರಲ್ಲಿ ಕಲ್ಲಿದ್ದಲು ವ್ಯಾಪಾರಿ, ದರ್ಜಿ, ಒಬ್ಬ ವಿಧವೆ, ಒಬ್ಬ ಅಂಚೆ ಅಧಿಕಾರಿ. ಬೇಕರಿಯವನಿಲ್ಲ. ನಮ್ಮ ಕುಟುಂಬವೂ ಇಲ್ಲ. 1939ರಲ್ಲೂ ಇಲ್ಲ, 1940ರಲ್ಲೂ ಇಲ್ಲ. ಹೆಸರಿನ ಪ್ರಕಾರ ಹುಡುಕಿದಾಗ ಅಪ್ಪ ಸಿಕ್ಕಿದ್ರು, ಎರಡು ಬೀದಿ ಆಚೆ. ಆ ಮನೆ ನಂಬರ್ ತೆಗೆದ್ರೆ, ಅವರ ಹೆಸರಿನ ಎರಡು ಸಾಲು ಮೇಲೆ, ಒಬ್ಬ ಬೇಕರ್.

ಮೇಷ್ಟ್ರು ಕನ್ನಡಕ ತೆಗೆದು ಟೇಬಲ್ ಮೇಲಿಟ್ರು. ಒಂದ್ನಿಮಿಷ ಯಾರೂ ಮಾತಾಡಲಿಲ್ಲ.

ಆಮೇಲೆ ಒಂದೊಂದೇ ಕಾಗದ ತಾಳೆ ಹಾಕಿದ್ವಿ. 1939ರ ಮೇ 17ಕ್ಕೆ ಜರ್ಮನೀಲಿ ಜನಗಣತಿ ಆಯ್ತು, ಅದರ ಜೊತೆ ಒಂದು ಹೆಚ್ಚುವರಿ ಕಾರ್ಡು ತುಂಬಿಸ್ಕೊಂಡಿದ್ರು, ಮನೇಲಿರೋ ಒಬ್ಬೊಬ್ಬರ ನಾಲ್ಕು ಅಜ್ಜ ಅಜ್ಜಿಯರೂ ಯಹೂದಿಯಾ ಅಲ್ವಾ ಅಂತ. ಈ ಕುಟುಂಬದವರ ಹೆಸರಿನ ಮುಂದೆ ನಾಲ್ಕು ನಾಲ್ಕು ಜೆ ಅಕ್ಷರ, ಜೆ ಅಂದ್ರೆ ಜರ್ಮನ್ನಲ್ಲಿ ಯಹೂದಿ ಅನ್ನೋದರ ಮೊದಲಕ್ಷರ. ವಿಳಾಸ ಬೇಕರಿ ಮನೆಯದು. ಹೆಸರು ಐದು: ಅಪ್ಪ, ಅಮ್ಮ, ಮಗಳು, ಮಗ, ಮತ್ತೆ ಅಪ್ಪನ ತಾಯಿ. ಅಜ್ಜಿ ಇದ್ದಿದ್ದೂ ಆವಾಗ್ಲೇ ಗೊತ್ತಾಗಿದ್ದು.

ಹಾಗಾದ್ರೆ ಗಡೀಪಾರು ಪಟ್ಟೀಲಿ ನಮ್ಮ ವಿಳಾಸ ಯಾಕೆ? 1939ರ ಏಪ್ರಿಲ್ 30ಕ್ಕೆ ಬಂದ ಕಾನೂನು ಯಹೂದಿ ಬಾಡಿಗೆದಾರರ ರಕ್ಷಣೆ ಕಿತ್ತುಹಾಕಿತು. ಬರ್ಲಿನ್‌ನಲ್ಲಿ ಹಿಟ್ಲರನ ವಾಸ್ತುಶಿಲ್ಪಿ ಆಲ್ಬರ್ಟ್ ಶ್ಪೇರ್‌ನ ಕಚೇರಿ ಅವರ ಫ್ಲಾಟುಗಳನ್ನ ಖಾಲಿ ಮಾಡಿಸಿ ಬೇರೆಯವರಿಗೆ ಹಂಚ್ತಿತ್ತು. ಖಾಲಿ ಮಾಡಿದವರನ್ನ ಇನ್ನೊಬ್ಬ ಯಹೂದಿಯ ಮನೇಲಿ ತುರುಕೋದು. ನಮ್ಮ ಕಟ್ಟಡದ ಆ ವಿಧವೆ ಯಹೂದಿ. ಆಕೆಯ ನಾಲ್ಕು ಕೋಣೆಯ ಫ್ಲಾಟಲ್ಲಿ ಕೊನೆಗೆ ಒಂಬತ್ತು ಜನ, ಈ ಕುಟುಂಬಕ್ಕೆ ಒಂದೇ ಕೋಣೆ. ಒಳಬಾಡಿಗೆಯವರ ಹೆಸರು ವಿಳಾಸ ಪುಸ್ತಕಕ್ಕೆ ಬರಲ್ಲ. ಗಡೀಪಾರು ಮಾಡೋ ಗುಮಾಸ್ತ ಮಾತ್ರ ಕೊನೇ ನೋಂದಾಯಿತ ವಿಳಾಸ ಬರ್ಕೊಂಡ, ಅವನಿಗೆ ಬೇಕಿದ್ದದ್ದು ಎಲ್ಲಿ ಹೋಗಿ ಹಿಡೀಬೇಕು ಅನ್ನೋದಷ್ಟೇ.

ಪಾಟ್ಸ್‌ಡ್ಯಾಮ್‌ನ ರಾಜ್ಯ ಆರ್ಕೈವಲ್ಲಿ ಅವರ ಆಸ್ತಿ ಘೋಷಣೆ ಫೈಲು ನೋಡಿದೆ. ಸಾಗಿಸೋಕೆ ಮುಂಚೆ ಪ್ರತಿಯೊಬ್ಬರ ಕೈಲೂ ಫಾರ್ಮ್ ತುಂಬಿಸ್ತಿದ್ರು, ಇರೋದೆಲ್ಲ ಸರ್ಕಾರಕ್ಕೆ ಸೇರ್ಕೊಳ್ಳೋಕೆ. ಅಮ್ಮನ ಅಕ್ಷರ ಗುಂಡಗೆ, ಪೆನ್ಸಿಲಲ್ಲಿ. ಮೇಜು 1, ಕುರ್ಚಿ 3, ಪರದೆ 2 ಜೊತೆ, ಮಗನ ಶರ್ಟು 4. ಸಹಿ ಮಾಡೋವಾಗ ಸಾರಾ ಅನ್ನೋದನ್ನ ಮರೆತು ಆಮೇಲೆ ಮೇಲ್ಗಡೆ ಸಣ್ಣದಾಗಿ ಸೇರಿಸಿದಾರೆ. ಅದರ ಹಿಂದಿನ ಹಾಳೆಯಲ್ಲಿ ವಿದ್ಯುತ್ ಕಂಪನಿಯವರ ಕಾಗದ, ಬಾಕಿ ಬಿಲ್ಲು ಯಾರು ಕಟ್ತೀರಾ ಅಂತ ತೆರಿಗೆ ಕಚೇರಿಗೆ. ಅದನ್ನ ನೋಡಿ ನನಗೆ ಹೊಟ್ಟೆ ತೊಳೆಸಿದಂಗಾಯ್ತು. ಕೊಂದಿದ್ದಕ್ಕಿಂತ ಆ ಬಿಲ್ಲು ಯಾಕೆ ಹಾಗೆ ಚುಚ್ಚಿತು ಅಂತ ಈಗ್ಲೂ ಸರಿಯಾಗಿ ಹೇಳಕ್ಕಾಗಲ್ಲ.

ಈಗ ತೀರ್ಮಾನ ಮಾಡ್ಬೇಕಿತ್ತು. ಎಡವುಗಲ್ಲಿನ ನಿಯಮ ಏನಂದ್ರೆ ಆ ಮನುಷ್ಯ ತಾನಾಗಿ ಆರಿಸ್ಕೊಂಡು ಬದುಕಿದ ಕೊನೇ ಮನೆ ಮುಂದೆ ಹಾಕ್ಬೇಕು. ಆದ್ರೆ ನಮ್ಮ ಗುಂಪಲ್ಲಿ ಜಗಳ ಶುರುವಾಯ್ತು. ಇಲ್ಲೂ ಎರಡು ವರ್ಷ ಇದ್ರಲ್ಲ, ಇಲ್ಲಿಂದಾನೇ ಎಳ್ಕೊಂಡು ಹೋದ್ರಲ್ಲ ಅಂತ ಕೆಲವರು. ನಮ್ಮ ಮನೆ ಮುಂದೆ ಅಲ್ಲ ಅಂದ್ಮೇಲೆ ನಾವ್ಯಾಕೆ ದುಡ್ಡು ಹಾಕ್ಬೇಕು ಅಂತ ಒಬ್ರು ಬಾಯಿಬಿಟ್ಟೇ ಅಂದ್ರು. ಕೆಟ್ಟವರೇನಲ್ಲ, ಒಂದು ವರ್ಷದಿಂದ ಇದು ನಮ್ಮ ಕುಟುಂಬ ನಮ್ಮ ಕುಟುಂಬ ಅಂತ ಎಲ್ಲರೂ ಹೇಳ್ಕೊಂಡು ಬಂದಿದ್ವಿ, ನಾನೂ ಸೇರಿ. ಅಲ್ಲೇ ಇತ್ತು ಎಡವಟ್ಟು. ಇಲ್ಲಿ ವಾಸವಿದ್ದರು ಅಂತ ನಮ್ಮ ಬಾಗಿಲ ಮುಂದೆ ಬರೆಸಿದ್ರೆ ಅವರನ್ನ ತುರುಕಿದ ಜಾಗಾನೇ ಅವರ ಮನೆ ಅಂತ ಒಪ್ಕೊಂಡ ಹಾಗೆ, ಗುಮಾಸ್ತನ ವಿಳಾಸಾನೇ ಗೆದ್ದ ಹಾಗೆ. ಮಗಳಂತೂ ನಮ್ಮ ಕಟ್ಟಡವನ್ನ ಜೀವಮಾನದಲ್ಲಿ ನೋಡೇ ಇಲ್ಲ. ಮೇಷ್ಟ್ರು ಪಟ್ಟು ಹಿಡಿದ್ರು, ಅರ್ಜಿ ವಾಪಸ್ ತಗೊಂಡು ಹೊಸ ವಿಳಾಸಕ್ಕೆ ಹಾಕಿದ್ವಿ, ಸರದಿ ಹಿಂದಕ್ಕೆ ಹೋಯ್ತು, ಇಬ್ಬರು ಬಿಟ್ಟು ಹೋದ್ರು.

ಮೊಮ್ಮಗನಿಗೆ ಬರೆದ್ವಿ, ಬೇಕರಿ ಸಿಕ್ತು ಅಂತ. ಪುಸ್ತಕದ ಆ ಪುಟದ ಸ್ಕ್ಯಾನ್ ಕಳಿಸಿದ್ವಿ. ಕಾಲಿನ ವಿಷಯದಲ್ಲಿ ಒತ್ತಾಯ ಮಾಡಲಿಲ್ಲ, ನೀವು ಬೇಡ ಅಂದ್ರೆ ನಿಲ್ಲಿಸ್ತೀವಿ ಅಂತ ಬರೆದ್ವಿ, ಬರೆಯೋಕೆ ಕಷ್ಟ ಆಯ್ತು. ಗೋಡೆ ಫಲಕ ಆಗತ್ತಾ ಅಂತ ಕೇಳಿದ್ರು. ಆ ಕಟ್ಟಡದ ಮಾಲೀಕರು ಒಂದು ಕಂಪನಿ, ಒಂದೇ ಸಾಲಲ್ಲಿ ಆಗಲ್ಲ ಅಂದ್ರು. ಗೋಡೆ ಅವರದು, ಫುಟ್‌ಪಾತ್ ಊರಿನದು, ಕಲ್ಲಿಗೆ ಮಾಲೀಕರ ಅಪ್ಪಣೆ ಬೇಕಾಗಿಲ್ಲ. ಮೊಮ್ಮಗ ತಾವೇ ಬರ್ಲಿನ್‌ಗೆ ಬಂದು ಮೂರು ದಿನ ಒಬ್ರೇ ಬೀದಿ ಸುತ್ತಿದ್ರು. ನಾಲ್ಕನೇ ದಿನ ನಮ್ಮನೇಲಿ ಕಾಫಿ ಕುಡೀತಾ ಅಂದ್ರು, ಇಲ್ಲಿನ ಜನ ಕಲ್ಲಿನ ಮೇಲೆ ಕಾಲಿಡದ ಹಾಗೆ ಹೆಜ್ಜೆ ತಪ್ಪಿಸ್ತಾರೆ, ಎಲ್ಲರೂ ಅಲ್ಲ, ಆದ್ರೆ ತಪ್ಪಿಸೋರು ಕೆಲವರಿದಾರೆ. ಒಪ್ಪಿಗೆ ಕೊಟ್ರು. ಪೂರ್ತಿ ಮನಸ್ಸಿಂದ ಅಂತ ನನಗೆ ಅನ್ನಿಸಲಿಲ್ಲ, ಈಗ್ಲೂ ಅನ್ನಿಸಲ್ಲ.

ಇನ್ನೂ ಎರಡು ವಿಷಯ ಉಳಿದಿತ್ತು. ಅಜ್ಜಿ 1942ರಲ್ಲಿ ಥೆರೇಸಿಯನ್‌ಸ್ಟಾಟ್ ಅನ್ನೋ ನಾಜಿ ಶಿಬಿರಕ್ಕೆ ಹೊರಡೋ ನೋಟಿಸ್ ಬಂದ ಮೇಲೆ ನಮ್ಮ ಕಟ್ಟಡದ ಆ ಕೋಣೇಲೇ ವಿಷ ತಗೊಂಡಿದ್ರು. ಬರ್ಲಿನ್‌ನ ವೈಸೆನ್ಸೀ ಯಹೂದಿ ಸ್ಮಶಾನದಲ್ಲಿ ಸಮಾಧಿ ಇದೆ, ಸಮಾಧಿ ಇರೋರಿಗೆ ಕಲ್ಲು ಯಾಕೆ, ಕೊಂದಿದ್ದಲ್ಲವಲ್ಲ ಅಂತ ಒಬ್ರು ಕೇಳಿದ್ರು. ಎಡವುಗಲ್ಲುಗಳಲ್ಲಿ ಇದಕ್ಕೇ ಅಂತ ಒಂದು ಮಾತಿದೆ, ಸಾವಿನೊಳಕ್ಕೆ ಪಲಾಯನ ಅಂತ. ಆತ್ಮಹತ್ಯೆ ಅನ್ನೋ ಪದ ಹಾಕಲ್ಲ. ಅದನ್ನೇ ಬರೆಸಿದ್ವಿ. ಮಗಳ ಕಲ್ಲು ಹಾಕ್ಬೇಕಾ ಅನ್ನೋದು ಎರಡನೇದು. ಬದುಕುಳಿದವರಿಗೂ ಹಾಕ್ತಾರೆ, ಕುಟುಂಬ ಮತ್ತೆ ಒಂದೆಡೆ ಸೇರ್ಲಿ ಅಂತ. ಮೊಮ್ಮಗ ಮೊದ್ಲು ಬೇಡ ಅಂದ್ರು, ಅಮ್ಮ ಈ ಊರಿಗೆ ಒಂದು ಸಲವೂ ವಾಪಸ್ ಬರಲಿಲ್ಲ, ನಾನು ಅವಳನ್ನ ಎಳ್ಕೊಂಡು ಬರಲ್ಲ ಅಂತ. ಒಂದು ತಿಂಗಳು ಬಿಟ್ಟು ಮೆಸೇಜ್ ಬಂತು, ಹಾಕಿ, ಆದ್ರೆ ತಮ್ಮನ ಕಲ್ಲಿಗೆ ತಾಗ್ಕೊಂಡಿರ್ಬೇಕು ಅಂತ. ಯಾಕೆ ಮನಸ್ಸು ಬದಲಾಯ್ತು ಅಂತ ನಾವು ಕೇಳಲಿಲ್ಲ.

ಬೇಕರಿ ಕಟ್ಟಡದ ಈಗಿನ ನಿವಾಸಿಗಳಿಗೆ ಹೇಳೋದು ನಮಗೆ ಹೊಳೀಲೇ ಇಲ್ಲ, ಇದು ದೊಡ್ಡ ಲೋಪ. ಒಂದು ತಿಂಗಳಿದ್ದಾಗ ನೋಟಿಸ್ ಅಂಟಿಸಿದ್ವಿ, ಮಾರನೇ ದಿನ ಯಾರೋ ಕಿತ್ತುಹಾಕಿದ್ರು. ಒಬ್ರು ಹೆಂಗಸು ಮೇಲ್ ಮಾಡಿದ್ರು, ನಾನು ದಿನಾ ಬೆಳಿಗ್ಗೆ ಹಾಲು ತರೋಕೆ ಹೋಗೋವಾಗ ಹೆಣ ದಾಟ್ಕೊಂಡು ಹೋಗ್ಬೇಕಾ ಅಂತ. ಅದಕ್ಕೂ ನಮ್ಮ ಹತ್ರ ಒಳ್ಳೇ ಉತ್ತರ ಇರ್ಲಿಲ್ಲ. ಮೇಷ್ಟ್ರು ಹೋಗಿ ಆಕೆಯ ಅಡುಗೆಮನೇಲಿ ಎರಡು ಗಂಟೆ ಕೂತು ಐದು ಜನರ ಕಥೆ ಹೇಳಿ ಬಂದ್ರು. ಇದನ್ನ ಆರು ತಿಂಗಳು ಮುಂಚೆ ಮಾಡ್ಬೇಕಿತ್ತು.

2017ರಲ್ಲಿ ಕಲ್ಲು ಕೂತವು. ಡೆಮ್ನಿಗ್ ಅವರೇ ಬಂದ್ರು, ಅಗಲ ಅಂಚಿನ ಟೋಪಿ, ವ್ಯಾನಲ್ಲಿ ಬಕೆಟ್ಟು ಸುತ್ತಿಗೆ. ಮಂಡಿ ಊರಿ ಕೂತು ಫುಟ್‌ಪಾತಿನ ಸಣ್ಣ ಕಲ್ಲುಗಳನ್ನ ಎಬ್ಬಿಸಿ, ಗುಂಡಿ ಸಮ ಮಾಡಿ, ಐದನ್ನೂ ಇಳಿಸಿ, ಸುತ್ತ ಮರಳು ತುಂಬಿ, ನೀರು ಹಾಕಿ, ಬಟ್ಟೇಲಿ ಒರೆಸಿದ್ರು. ಇಪ್ಪತ್ತು ನಿಮಿಷ. ಭಾಷಣ ಇಲ್ಲ, ಮುಂದಿನ ಬೀದೀಲಿ ಇನ್ನೊಂದು ಕುಟುಂಬ ಕಾಯ್ತಿತ್ತು. ಅಜ್ಜಿ ಮೇಲೆ, ಅಪ್ಪ ಅಮ್ಮ ನಡುವೆ, ಅಕ್ಕ ತಮ್ಮ ಕೆಳಗೆ ಅಂಟ್ಕೊಂಡು. ಸತ್ತವರಿಗಾಗಿ ಹೇಳೋ ಕದ್ದಿಶ್ ಪ್ರಾರ್ಥನೆಗೆ ಸಂಪ್ರದಾಯದ ಪ್ರಕಾರ ಹತ್ತು ಜನ ಯಹೂದಿಗಳು ಬೇಕಂತೆ, ಅಷ್ಟು ಜನ ಇರ್ಲಿಲ್ಲ, ಮೊಮ್ಮಗ ಹೆಸರು ಮಾತ್ರ ಓದಿದ್ರು. ತಾಯಿ ಸಮಾಧಿಯಿಂದ ತಂದಿದ್ದ ಒಂದು ಬೆಣಚುಕಲ್ಲನ್ನ ತಾಯಿ ಹೆಸರಿನ ಮೇಲಿಟ್ರು, ಸ್ವಲ್ಪ ಹೊತ್ತು ನೋಡಿದ್ರು, ಇಲ್ಲಿಟ್ರೆ ಯಾರೋ ಒದೀತಾರೆ ಅಂದ್ಕೊಂಡು ಮತ್ತೆ ಜೇಬಿಗೆ ಹಾಕ್ಕೊಂಡ್ರು. ಹಾಲಿನ ಹೆಂಗಸು ಕಿಟಕೀಲಿ ನಿಂತು ನೋಡ್ತಿದ್ರು, ಕೆಳಗೆ ಬರಲಿಲ್ಲ.

ನಮ್ಮ ಕಟ್ಟಡದ ಮುಂದೆ ಏನೂ ಇಲ್ಲ. ಒಳಗೆ ಮೆಟ್ಟಿಲ ಹತ್ರ ಒಂದು ಫ್ರೇಮ್ ಹಾಕಿದೀವಿ, ಆ ಫ್ಲಾಟಿಂದ ಹೋದ ಒಂಬತ್ತೂ ಜನರ ಹೆಸರು, ಪ್ರತಿ ಹೆಸರಿನ ಮುಂದೆ ಅವರ ನಿಜವಾದ ಮನೆ ವಿಳಾಸ. ಇಬ್ಬರದ್ದು ಇನ್ನೂ ಸಿಕ್ಕಿಲ್ಲ, ಅಲ್ಲಿ ಖಾಲಿ ಬಿಟ್ಟಿದೀವಿ.

ಅದೇ ವರ್ಷ ನವೆಂಬರಲ್ಲಿ ಬರ್ಲಿನ್‌ನದೇ ನಾಯ್‌ಕೋಲ್ನ್ ಕಡೆ 16 ಕಲ್ಲು ಕಿತ್ಕೊಂಡು ಹೋದ ಸುದ್ದಿ ಬಂದಾಗ ರಾತ್ರಿ ಹನ್ನೊಂದಕ್ಕೆ ಜಾಕೆಟ್ ಹಾಕ್ಕೊಂಡು ಹೋಗಿ ನಮ್ಮ ಐದೂ ಇದೆಯಾ ಅಂತ ಟಾರ್ಚಲ್ಲಿ ನೋಡ್ಕೊಂಡು ಬಂದೆ. ನಮ್ಮ ಐದು ಅಂತ ಮತ್ತೆ ಬಾಯಿಗೆ ಬಂತು ನೋಡಿ. ಮೇಷ್ಟ್ರಿಗೆ ಈಗ ಬಗ್ಗೋಕಾಗಲ್ಲ, ಹಾಗಾಗಿ ವರ್ಷಕ್ಕೆರಡು ಸಲ, ನವೆಂಬರ್ 9ಕ್ಕೆ (1938ರಲ್ಲಿ ಯಹೂದಿಗಳ ಮೇಲೆ ದೇಶದ ತುಂಬಾ ದಾಳಿ ಆದ ದಿನ) ಮತ್ತೆ ಜನವರಿ 27ಕ್ಕೆ (ಔಶ್ವಿಟ್ಜ್ ಬಿಡುಗಡೆಯಾದ ದಿನ), ಪಾಲಿಶ್ ಡಬ್ಬಿ ಹಳೇ ಬನೀನು ತಗೊಂಡು ನಾನೇ ಹೋಗ್ತೀನಿ. ಅಮ್ಮ ಬಂದಿದ್ದಾಗ ಹುಣಸೇಹಣ್ಣು ಹಚ್ಚಿ ಉಜ್ಜೋ, ಪೂಜೆ ಪಾತ್ರೆ ಥರ ಹೊಳೆಯತ್ತೆ ಅಂದ್ರು, ಉಜ್ಜಿದ್ವಿ, ಹೊಳೀತು. ಬೇಕರಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಹೋದಾಗೆಲ್ಲ ಅಜ್ಜಿ ಕಲ್ಲಿನ ಮೇಲೆ ಯಾರದ್ದೋ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತಿರತ್ತೆ, ಎತ್ತಿ ಪಕ್ಕಕ್ಕಿಟ್ಟು, ಒರೆಸಿ, ಸೈಕಲ್ಲನ್ನ ಒಂದು ಗೇಣು ಆಚೆ ನಿಲ್ಲಿಸಿ ಬರ್ತೀನಿ.